ಐದು ಡಬ್ಬಕ್ಕಿಂತ ಎರಡು ಸ್ಪೀಕರ್ ವಾಸಿ

ನುಗ್ಗೇಹಳ್ಳಿಯ ಸೊಸೆ, ಸದ್ಯ ಬೆಂಗಳೂರಿನಲ್ಲಿ ಬಾಡಿಗೆ ಮನೆ. ಹೀಗೆ ಪರಿಚಯ ಹೇಳಿಕೊಂಡ ಓದುಗರೊಬ್ಬರ ಪತ್ರ ನಮ್ಮ ಮುಂದಿದೆ. ಚೀಟಿ ಎತ್ತಿದ 30 ಸಾವಿರ ರೂಪಾಯಿ ಅವರ ಕೈಯಲ್ಲಿದೆ. ಊರು ಬಿಟ್ಟು ಇವರ ಜೊತೆ ಬಂದಿರುವ ಮಾವನವರಿಗೆ ಕಚೇರಿ ಕೇಳುವ ಆಸೆ, ಇವರಿಗೆ ಭಾವಗೀತೆ. ಯಜಮಾನರಿಗೂ ಮಗನಿಗೂ ಮಾತ್ರ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ ಹೋಂ ಥಿಯೇಟರೇ ಬೇಕು. ಅಂಗಡಿಗೆ ಹೋದರೆ ಸೇಲ್ಸ್‌ಮನ್ ಇವರ ಕಡೆ ತಿರುಗಿಯೂ ನೋಡದೆ, ‘ಮೇಡಂಗೆ ಬೇಕಾದ್ರೆ ಬೇರೆ ಕಲರ್ ತೋರಿಸ್ತೀನಿ ಸಾರ್’ ಅಂದನಂತೆ! ಹೈ ಎಂಡ್ ಸ್ಪೀಕರ್ ಅನ್ನೋದು ನಮ್ಮಂಥವರಿಗೆ ಅಲ್ಲವೇ ಅಲ್ವಾ ಅಂತ ಕೇಳಿದ್ದಾರೆ.

ಲಕ್ಷಗಟ್ಟಲೆ ಬೆಲೆಯ ಸ್ಪೀಕರ್ 30 ಸಾವಿರಕ್ಕೆ ಬರೋದಿಲ್ಲ, ಅದು ನಿಜ. ಆದರೆ ಆ ಸ್ಪೀಕರಿನಲ್ಲಿ ಸಿಗುವ ಸುಖದ ದೊಡ್ಡ ಪಾಲು, ಅಂದರೆ ಹಾಡುವವರ ದನಿ ಹತ್ತಿರ ಕೂತು ಹಾಡಿದಷ್ಟು ಸ್ಪಷ್ಟವಾಗಿ ಕೇಳುವುದು, ಈ ದುಡ್ಡಿನಲ್ಲೂ ಸಿಗುತ್ತೆ. ಒಂದೇ ಷರತ್ತು: ಆ ದುಡ್ಡನ್ನು ಚೂರು ಚೂರು ಮಾಡಬಾರದು.

ಬಾಯಿಲೆಕ್ಕ ಹಾಕಿ ನೋಡಿ. ಹೋಂ ಥಿಯೇಟರ್ ಸೆಟ್ಟಿನಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್, ಅವೆಲ್ಲಕ್ಕೂ ಶಕ್ತಿ ಕೊಡುವ ಆಂಪ್ಲಿಫೈಯರ್, ಒಟ್ಟು ಏಳು ವಸ್ತು. 30 ಸಾವಿರವನ್ನು ಏಳಕ್ಕೆ ಹಂಚಿದರೆ ಒಂದೊಂದಕ್ಕೆ ನಾಲ್ಕು ಸಾವಿರದ ಚಿಲ್ಲರೆ. ಅದರಲ್ಲೇ ಅಂಗಡಿಯವನ ಲಾಭ, ಸಾಗಾಣಿಕೆ, ಜಾಹೀರಾತಿನ ಖರ್ಚು ಕಳೆಯಿರಿ. ಉಳಿದದ್ದರಲ್ಲಿ ಎಂಥ ಮರ, ಎಂಥ ಕೋನ್ ಹಾಕಲು ಸಾಧ್ಯ? ಅದೇ ಹಣದಲ್ಲಿ ಹತ್ತು ಸಾವಿರ ಆಂಪ್ಲಿಫೈಯರಿಗೆ ಎತ್ತಿಟ್ಟರೂ ಒಂದೊಂದು ಸ್ಪೀಕರಿಗೆ ಹತ್ತು ಸಾವಿರ ಉಳಿಯುತ್ತೆ. ಕಚೇರಿ, ಭಾವಗೀತೆ, ಹಳೆಯ ಸಿನಿಮಾ ಹಾಡು, ಇವೆಲ್ಲ ಹೆಚ್ಚೆಂದರೆ ಎರಡು ಸ್ಪೀಕರಿಗೆಂದೇ ಧ್ವನಿಮುದ್ರಣವಾದವು. ಅವಕ್ಕೆ ಬೆನ್ನ ಹಿಂದೆ ಇಡುವ ಎರಡು ಡಬ್ಬದಿಂದ ಏನೂ ಆಗಬೇಕಾದ್ದಿಲ್ಲ.

ಆಂಪ್ಲಿಫೈಯರ್ ಬೇರೆ, ತಂತಿ ಬೇರೆ ಅಂತ ತಲೆನೋವು ಬೇಡ ಅನ್ನುವವರಿಗೆ ಆಂಪ್ಲಿಫೈಯರ್ ಒಳಗೇ ಇರುವ ಜೋಡಿ ಸ್ಪೀಕರ್‌ಗಳು ಬರುತ್ತವೆ. ‘ಆ್ಯಕ್ಟಿವ್ ಸ್ಪೀಕರ್’ ಅಂತ ಕೇಳಿ. ಮೊಬೈಲಿನಿಂದ ಬ್ಲೂಟೂತ್ ಮೂಲಕ ಹಾಡು ಹಾಕಬಹುದು. ಎಚ್‌ಡಿಎಂಐ ಎಆರ್‌ಸಿ ಇರುವುದನ್ನೇ ಆರಿಸಿದರೆ ಟಿವಿ ರಿಮೋಟಿನಿಂದಲೇ ಸೌಂಡ್ ಹೆಚ್ಚು ಕಡಿಮೆ ಮಾಡಬಹುದು. ಮಗನ ಸಿನಿಮಾಕ್ಕೂ ಆಯಿತು. ಗುಡುಗು ಬೇಕೇ ಬೇಕು ಅಂತ ಅವನು ಹಠ ಹಿಡಿದರೆ ಮುಂದಿನ ಚೀಟಿಯಲ್ಲಿ ಸಬ್‌ವೂಫರ್ ಸೇರಿಸಿಕೊಳ್ಳಲಿ. ಅದಕ್ಕೆ ಸ್ಪೀಕರಿನ ಹಿಂದೆ ಬೇರೆ ಕಿಂಡಿ ಇದೆಯೇ ಅಂತ ಕೊಳ್ಳುವಾಗಲೇ ನೋಡಿಕೊಳ್ಳಿ.

ಇನ್ನು ಡಬ್ಬದ ಮೇಲಿನ ವಾಟ್ಸ್. ‘5000 ವಾಟ್ಸ್ ಪಿಎಂಪಿಒ’ ಎಂಬ ದಪ್ಪ ಅಕ್ಷರ ನೋಡಿ ಮರುಳಾದ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಪಿಎಂಪಿಒ ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಕ್ರಮ ಅನ್ನೋದೇ ಇಲ್ಲ. ತಯಾರಕರು ತಮಗೆ ತೋಚಿದ್ದನ್ನು ಬರೆಯುತ್ತಾರೆ. ಬಿಡದೆ ಕೊಡಬಲ್ಲ ಶಕ್ತಿ ತಿಳಿಯಲು ಆರ್‌ಎಂಎಸ್ ಎಷ್ಟು ಅಂತ ಕೇಳಿ. ಸಾವಿರಗಳು ಕರಗಿ ಇಪ್ಪತ್ತು, ಮೂವತ್ತಕ್ಕೆ ಇಳಿದರೆ ಗಾಬರಿ ಬೇಡ. ಹತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಹಾಲ್‌ನಲ್ಲಿ ಮಾಮೂಲಿ ಸೌಂಡಿಗೆ ಬಹುತೇಕ ಸಮಯ ಒಂದೆರಡು ವಾಟ್ಸ್ ಸಾಕು. ಅದಕ್ಕಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ, ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತೆ ಅನ್ನೋದು. 86 ಇರುವ ಸ್ಪೀಕರಿಗಿಂತ 89 ಇರುವ ಸ್ಪೀಕರ್ ಅಷ್ಟೇ ಸದ್ದಿಗೆ ಅರ್ಧ ವಾಟ್ಸ್ ಮಾತ್ರ ಬೇಡುತ್ತೆ. ಕಡಿಮೆ ಮೈಲೇಜಿನ ಗಾಡಿ, ಹೆಚ್ಚು ಮೈಲೇಜಿನ ಗಾಡಿ ಇದ್ದ ಹಾಗೆ. ಹಿಂಭಾಗದಲ್ಲಿ ಬರೆದಿರುವ ಓಮ್ಸ್ ನಿಮ್ಮ ಆಂಪ್ಲಿಫೈಯರಿಗೆ ಒಗ್ಗುತ್ತದೆಯೇ ಅಂತಲೂ ಕೇಳಿ. ಎಂಟು ಓಮ್ಸ್ ಆದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ನಾಲ್ಕು ಓಮ್ಸನ್ನು ಎಲ್ಲ ಆಂಪ್ಲಿಫೈಯರೂ ತಡೆಯುವುದಿಲ್ಲ.

ನಂಬರು ಇಷ್ಟು ಸಾಕು. ಇನ್ನು ಕಿವಿಯ ಕೆಲಸ. ವಯಸ್ಸಾದಂತೆ ಎತ್ತರದ ಸ್ವರಗಳನ್ನು ಕೇಳುವ ಶಕ್ತಿ ಎಲ್ಲರಿಗೂ ಕುಗ್ಗುತ್ತೆ. ಆದರೆ ಸರಾಸರಿ ನೋಡಿದರೆ ಅದು ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು ಅಂತ ವಿಜ್ಞಾನ ಹೇಳುತ್ತೆ. ಹಾಗಾಗಿ ಸೇಲ್ಸ್‌ಮನ್ ಬಣ್ಣ ತೋರಿಸಲು ಬಂದರೆ, ‘ಬಣ್ಣ ನಮ್ಮನೆಯವರು ನೋಡ್ಲಿ, ನಾನು ಕೇಳ್ತೀನಿ’ ಅಂತ ಧೈರ್ಯವಾಗಿ ಹೇಳಿ!

ಈ ಓದುಗರ ಜಿಲ್ಲೆಯವರಿಗೆ ಕೇಳುವುದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಅರಕಲಗೂಡು ತಾಲೂಕಿನ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರುವಾಸಿ. 1920ರಲ್ಲಿ ಹುಟ್ಟಿ 2014ರವರೆಗೆ ಬಾಳಿದ ಆರ್.ಕೆ. ಶ್ರೀಕಂಠನ್ ಆ ಊರಿನವರು, ರುದ್ರಪಟ್ಟಣ ಸಹೋದರರ ಹೆಸರಲ್ಲಂತೂ ಊರೇ ಇದೆ. ತಂಬೂರಿಯ ಆಕಾರದ ಮಂದಿರವೂ ಅಲ್ಲಿದೆ. ನುಗ್ಗೇಹಳ್ಳಿಯಲ್ಲಾದರೋ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಮೂರು ಗರ್ಭಗುಡಿಗಳಲ್ಲಿ ಒಂದರಲ್ಲಿ ಕೊಳಲೂದುವ ವೇಣುಗೋಪಾಲನೇ ನಿಂತಿದ್ದಾನೆ. (ಅಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಕಲ್ಲಿನ ಮೇಲೇ ಇದೆ. ಇಂದಿನ ಸ್ಪೀಕರ್ ಡಬ್ಬದ ಮೇಲೆ ಮಾಡಿದವರು ಯಾರೆಂದು ಹುಡುಕಿದರೂ ಸಿಗೋದಿಲ್ಲ, ವಾಟ್ಸ್ ಮಾತ್ರ ಸಿಗುತ್ತೆ!) ಮೈಕು ಎಲ್ಲೆಡೆ ಬರುವ ಮೊದಲು ದೊಡ್ಡ ಸಭೆಯ ಕೊನೆಯ ಸಾಲಿಗೂ ಪಿಟೀಲು ಕೇಳಿಸಬೇಕೆಂದು ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನೇ ಮಾಡಿಕೊಂಡರು. ಸದ್ದು ಮುಟ್ಟಬೇಕು, ಆದರೆ ನಾದ ಕೆಡಬಾರದು ಅನ್ನೋದು ಅಂದಿನ ಕಾಳಜಿ. ಸ್ಪೀಕರ್ ಆರಿಸುವಾಗ ನಮ್ಮದೂ ಅದೇ ಇರಲಿ.

ಅಂಗಡಿಗೆ ನಿಮಗೆ ಬಾಯಿಪಾಠವಾದ ಹಾಡುಗಳನ್ನೇ ಒಯ್ಯಿರಿ. ಅಲ್ಲಿ ಹಾಕುವ ಕಾರು ಸಿಡಿಯುವ ಸಿನಿಮಾ ದೃಶ್ಯದಿಂದ ಏನೂ ತಿಳಿಯದು. ನಿಜವಾದ ಸ್ಫೋಟವನ್ನು ನೀವೂ ನಾವೂ ಎಲ್ಲಿ ಕೇಳಿದ್ದೇವೆ, ಹೋಲಿಸಲು? ಮನುಷ್ಯರ ದನಿ ಮಾತ್ರ ದಿನವೂ ಕೇಳುತ್ತೇವೆ. 1978ರ ‘ನಿತ್ಯೋತ್ಸವ’ದ ಹಾಡುಗಳಾಗಲಿ, ಸಿ. ಅಶ್ವಥ್ ಅವರ ಷರೀಫರ ಪದಗಳಾಗಲಿ ಹಾಕಿಸಿ. ಒಂದೊಂದು ಪದವೂ ಬಿಡಿಬಿಡಿಯಾಗಿ ತಿಳಿಯುತ್ತದೆಯೇ? ‘ಸ’, ‘ಶ’ ಬಂದಾಗ ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆಯೇ? ಕಚೇರಿ ಹಾಕಿಸಿದರೆ ಮೃದಂಗದ ಎಡಭಾಗದ ಗುಂಕಾರ ಬಂದು ಅಲ್ಲಿಗೇ ನಿಲ್ಲಬೇಕು. ಎಳೆದುಕೊಂಡು ‘ಬುಂ’ ಅನ್ನುತ್ತಿದ್ದರೆ ಬೇಡ. ಹಿಂದಿನ ತಂಬೂರಿ ಹಾಡುಗಾರರ ದನಿಯಲ್ಲಿ ಮುಳುಗದೆ ಸಣ್ಣಗೆ ಕೇಳುತ್ತಿರಬೇಕು.

ಇಲ್ಲೊಂದು ಮೋಸವಿದೆ. ಎರಡು ಸ್ಪೀಕರ್ ಹೋಲಿಸುವಾಗ ಯಾವುದು ತುಸು ಜೋರಾಗಿರುತ್ತದೋ ಅದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. ದುಬಾರಿಯದನ್ನು ಅಂಗಡಿಯವರು ಒಂದೆರಡು ಗೆರೆ ಜೋರಾಗಿ ಹಾಕಿದರೂ ನಿಮಗೆ ಗೊತ್ತಾಗದು. ಎರಡನ್ನೂ ಒಂದೇ ಸೌಂಡಿಗೆ ಇಡಿಸಿ. ಬಾಸ್, ಟ್ರೆಬಲ್ ತಿರುಪುಗಳು ನಡುವಿನಲ್ಲೇ ಇರಲಿ, ಲೌಡ್‌ನೆಸ್ ಬಟನ್ ಆರಿಸಿರಲಿ. ಆಮೇಲೆ ಹದಿನೈದು ನಿಮಿಷ ಸುಮ್ಮನೆ ಕೂತು ಕೇಳಿ. ಮೊದಲ ಐದು ನಿಮಿಷ ಭರ್ಜರಿ ಅನ್ನಿಸಿದ್ದು ಆಮೇಲೆ ತಲೆ ಚಿಟ್ಟು ಹಿಡಿಸಬಹುದು. ಮಾವನವರನ್ನೂ ಕರೆದೊಯ್ಯಿರಿ. ಎಷ್ಟು ಜೋರು ಮಾಡಿದರೂ ಅವರಿಗೆ ಪದಗಳು ತಿಳಿಯುತ್ತಿಲ್ಲವೆಂದರೆ ಸ್ಪೀಕರಿಗೆ ಮೊದಲು ಕಿವಿಯ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಅದಕ್ಕೆ ದುಬಾರಿ ಸ್ಪೀಕರ್ ಮದ್ದಲ್ಲ.

ಮನೆಗೆ ತಂದ ಮೇಲೆ? ಷೋಕೇಸಿನ ಗೂಡಿನಲ್ಲಿ, ಬೊಂಬೆಗಳ ಪಕ್ಕ ತುರುಕಬೇಡಿ. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಸ್ಪೀಕರಿನ ಗತಿ ಇದೇ. ಗೂಡಿನೊಳಗೆ ದಪ್ಪ ಸ್ವರಗಳು ಗುಂಯ್‌ಗುಟ್ಟಿ ಹಾಡುಗಾರರ ದನಿಯನ್ನು ನುಂಗುತ್ತವೆ. ಗೋಡೆಯಿಂದ ಒಂದಡಿಯಾದರೂ ಮುಂದಕ್ಕೆ ಸ್ಟೂಲಿನ ಮೇಲಿಡಿ. ಮೇಲಿನ ಪುಟ್ಟ ಟ್ವೀಟರ್ ನೀವು ಕೂತಾಗ ಕಿವಿಯ ಎತ್ತರಕ್ಕೆ ಬರಲಿ. ಎರಡು ಸ್ಪೀಕರಿನ ನಡುವೆ ಎಷ್ಟು ಅಂತರವೋ ನಿಮ್ಮ ಸೋಫಾಗೂ ಅಷ್ಟೇ ಅಂತರವಿದ್ದರೆ ಹಾಡುವವರು ಸರಿಯಾಗಿ ನಡುವೆ ಬಂದು ಕೂರುತ್ತಾರೆ. ಟೈಲ್ಸ್ ನೆಲ, ಬೋಳು ಗೋಡೆಯ ಹಾಲ್‌ನಲ್ಲಿ ಸದ್ದು ಚೆಂಡಿನಂತೆ ಪುಟಿಯುತ್ತೆ. ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಪುಸ್ತಕದ ಕಪಾಟು, ಇಷ್ಟರಲ್ಲಿ ಆಗುವ ಬದಲಾವಣೆ ಇನ್ನೂ ಐದು ಸಾವಿರ ಸುರಿದರೂ ಆಗೋದಿಲ್ಲ. ತಂತಿಯ ವಿಷಯದಲ್ಲಂತೂ ಮಾರುಹೋಗಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ದಪ್ಪನೆಯ ತಾಮ್ರದ ತಂತಿ ಧಾರಾಳ.

ಹಳೆಯ ಸ್ಪೀಕರ್ ಕೊಳ್ಳುವುದೂ ಜಾಣತನವೇ, ನೋಡಿ ಕೊಳ್ಳುವುದಾದರೆ. ಜಾಲರಿ ತೆಗೆಸಿ, ಕೋನಿನ ಸುತ್ತಲಿನ ಅಂಚನ್ನು ಮೆಲ್ಲಗೆ ಮುಟ್ಟಿ. ಫೋಮ್ ಅಂಚು ಹತ್ತು ಹದಿನೈದು ವರ್ಷಕ್ಕೆ ಒಣಗಿದ ರೊಟ್ಟಿಯಂತೆ ಪುಡಿಯಾಗುತ್ತೆ, ರಬ್ಬರ್ ಅಂಚು ಬಾಳಿಕೆ ಬರುತ್ತೆ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಒಂದು ಮಂಕಾಗಿದ್ದರೆ ಅದರ ಟ್ವೀಟರ್ ಸುಟ್ಟಿರಬಹುದು.

‘ಸೊನ್ನೆ ಬಡ್ಡಿ ಕಂತು’ ಅನ್ನುವ ಬೋರ್ಡು ಕಂಡರೆ ಚೀಟಿ ದುಡ್ಡನ್ನು ನೆನಪಿಸಿಕೊಳ್ಳಿ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಹೇಳಿತ್ತು. ಬಡ್ಡಿ ಬೇರೆ ಹೆಸರಿನಲ್ಲಿ ಬೆಲೆಯೊಳಗೆ ಅಡಗಿರುತ್ತೆ. ಪೂರ್ತಿ ಹಣ ಒಂದೇ ಸಲ ಕೊಡುವವರು ನೀವು, ಎಷ್ಟು ಬಿಡ್ತೀರಿ ಅಂತ ಕೇಳುವ ಹಕ್ಕು ನಿಮಗಿದೆ. ಬಿಲ್ ನಿಮ್ಮ ಹೆಸರಿನಲ್ಲೇ ಇರಲಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡು ಚನ್ನರಾಯಪಟ್ಟಣದಲ್ಲಿ ಬಳಸುವವರು ಹಾಸನದಲ್ಲೇ ದೂರು ಸಲ್ಲಿಸಿದರೆ ಆಯಿತು. ಬಿಲ್ಲಿನ ಮಾಸಲು ಅಕ್ಷರ ಅಳಿಸಿಹೋಗುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಡಬ್ಬ, ಥರ್ಮಾಕೋಲ್ ಎಸೆಯದೆ ವಾರಂಟಿ ಮುಗಿಯುವವರೆಗೆ ಸಜ್ಜಾದ ಮೇಲಿರಲಿ.