ರಾಜೀನಾಮೆ ಎಂಬ ಪದದ ಬೆಲೆ: ಔಷಧ ಕಂಪನಿ ತೊರೆದವರ ಮುಂದಿನ ಬದುಕು

ಕೋಲಾರ ಜಿಲ್ಲೆಯ ವೇಮಗಲ್‌ನಲ್ಲಿ ಗ್ಲ್ಯಾಕ್ಸೊ ಸ್ಮಿತ್‌ಕ್ಲೈನ್ ಫಾರ್ಮಾಸ್ಯುಟಿಕಲ್ಸ್ ಸುಮಾರು ಸಾವಿರ ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಕಾರ್ಖಾನೆ ಆ ಕಂಪನಿಯ ಕೈಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಹೊಟ್ಟೆಯ ಆಮ್ಲ ತಗ್ಗಿಸುವ ರಾನಿಟಿಡಿನ್ ಮಾತ್ರೆಗಳಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಎನ್‌ಡಿಎಂಎ ಎಂಬ ರಾಸಾಯನಿಕದ ಅಂಶ ಕಂಡುಬಂದಿತು. 2019ರಲ್ಲಿ ಕಂಪನಿಯು ಮನೆಮಾತಾಗಿದ್ದ ತನ್ನ ‘ಜಿನೆಟ್ಯಾಕ್’ ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಮರುವರ್ಷವೇ ವೇಮಗಲ್ ಸ್ಥಾವರವು ಹೈದರಾಬಾದಿನ ಹೆಟೆರೊ ಲ್ಯಾಬ್ಸ್‌ಗೆ 180 ಕೋಟಿ ರೂಪಾಯಿಗೆ ಮಾರಾಟವಾಯಿತು. ನಷ್ಟದ ಲೆಕ್ಕ ಕಂಪನಿಯ ವಾರ್ಷಿಕ ವರದಿಯಲ್ಲಿ ದಾಖಲಾಯಿತು, ಕಟ್ಟಡಕ್ಕೆ ಹೊಸ ಒಡೆಯ ಸಿಕ್ಕಿದ. ಯಂತ್ರಕ್ಕೆ, ನೆಲಕ್ಕೆ, ಬ್ರ್ಯಾಂಡಿನ ಹೆಸರಿಗೆ ಒಂದು ಬೆಲೆ ಕಟ್ಟುವ ಪದ್ಧತಿ ಈ ಉದ್ಯಮದಲ್ಲಿ ಬಹಳ ಚೆನ್ನಾಗಿ ಬೆಳೆದಿದೆ. ಹೊರಹೋಗುವ ಮನುಷ್ಯನ ಲೆಕ್ಕ ಮಾತ್ರ ಇಂದಿಗೂ ಅಸ್ಪಷ್ಟವಾಗಿಯೇ ಉಳಿದಿದೆ.

ಇಂಥ ನಿರ್ಗಮನಗಳು ಅಪರೂಪವೇನಲ್ಲ. ಕ್ಷಯ, ಮಲೇರಿಯಾಗಳಿಗೆ ಹೊಸ ಔಷಧ ಹುಡುಕುತ್ತಿದ್ದ ಬೆಂಗಳೂರಿನ ಸಂಶೋಧನಾ ಕೇಂದ್ರವನ್ನು ನಿಲ್ಲಿಸುವುದಾಗಿ ಆಸ್ಟ್ರಾಜೆನೆಕಾ 2014ರಲ್ಲಿ ಪ್ರಕಟಿಸಿದಾಗ ಸುಮಾರು 170 ಮಂದಿ ಕೆಲಸ ಕಳೆದುಕೊಂಡರು. ಅದೇ ಸಮೂಹದ ಭಾರತೀಯ ಕಂಪನಿ ಬೆಂಗಳೂರಿನ ತನ್ನ ತಯಾರಿಕಾ ಘಟಕದಿಂದಲೂ ಹೊರನಡೆಯುವ ಇಂಗಿತವನ್ನು 2023ರ ನವೆಂಬರ್‌ನಲ್ಲಿ ತಿಳಿಸಿತು. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಹಾಗೂ ಔರಂಗಾಬಾದ್ ಕಾರ್ಖಾನೆಗಳನ್ನು ಮುಚ್ಚುವುದಾಗಿ ಫೈಜರ್ 2019ರ ಜನವರಿಯಲ್ಲಿ ಹೇಳಿದಾಗ ಅಲ್ಲಿ ದುಡಿಯುತ್ತಿದ್ದವರು ಸುಮಾರು 1,700. ನೊವಾರ್ಟಿಸ್ ಇಂಡಿಯಾ 2022ರಲ್ಲಿ ವೊವೆರಾನ್ ಮೊದಲಾದ ಹಳೆಯ ಬ್ರ್ಯಾಂಡುಗಳ ಮಾರಾಟದ ಹೊಣೆಯನ್ನು ಡಾ. ರೆಡ್ಡೀಸ್‌ಗೆ ಒಪ್ಪಿಸಿದಾಗ ಸುಮಾರು 400 ಹುದ್ದೆಗಳು ಅನಗತ್ಯವಾದವು. ಇವುಗಳಲ್ಲಿ ಯಾವ ಕಂಪನಿಯೂ ದಿವಾಳಿಯಾಗಿರಲಿಲ್ಲ. ವ್ಯಾಪಾರದ ದಿಕ್ಕು ಬದಲಿಸುವ ಹಕ್ಕು ಅವಕ್ಕೆ ಉಂಟೇ ಇಲ್ಲವೇ ಎಂಬ ಚರ್ಚೆ ಬೇರೆ. ಇಪ್ಪತ್ತು, ಇಪ್ಪತ್ತೈದು ವರ್ಷ ಒಂದೇ ಸಂಸ್ಥೆಯಲ್ಲಿ ಕಳೆದವರು ಯಾವ ಕಾಗದಕ್ಕೆ ಸಹಿ ಹಾಕಿ ಹೊರಬರುತ್ತಾರೆ ಎಂಬುದು ಅದಕ್ಕಿಂತ ಮುಖ್ಯವಾದ ಸಂಗತಿ. ಅವರ ಮುಂದಿನ ಬದುಕಿನ ಬಹುಪಾಲು ಆ ಕಾಗದದಲ್ಲೇ ತೀರ್ಮಾನವಾಗಿರುತ್ತದೆ.

ಕಾರ್ಖಾನೆ ಮುಚ್ಚಿದರೆ ಅದು ಸುದ್ದಿಯಾಗುತ್ತದೆ. ಗೇಟಿನ ಮುಂದೆ ಶಾಮಿಯಾನ ಏಳುತ್ತದೆ, ಕಾರ್ಮಿಕ ಇಲಾಖೆಯಲ್ಲಿ ಸಂಧಾನ ನಡೆಯುತ್ತದೆ, ಸ್ವಯಂ ನಿವೃತ್ತಿ ಯೋಜನೆಯ ಮೊತ್ತಕ್ಕಾಗಿ ಸಂಘ ಹಗ್ಗಜಗ್ಗಾಟ ನಡೆಸುತ್ತದೆ. ಮೆಡಿಕಲ್ ರೆಪ್‌ಗಳು ಹೊರಬೀಳುವ ಬಗೆ ಹೀಗಲ್ಲ. ಅವರು ಒಬ್ಬೊಬ್ಬರಾಗಿ, ಸದ್ದಿಲ್ಲದೆ ಹೋಗುತ್ತಾರೆ. ಹುಬ್ಬಳ್ಳಿಯನ್ನು ಕೇಂದ್ರಸ್ಥಾನವಾಗಿಟ್ಟುಕೊಂಡು ಗದಗ, ಹಾವೇರಿ, ರಾಣೆಬೆನ್ನೂರುಗಳ ವೈದ್ಯರ ಬಾಗಿಲಲ್ಲಿ ಎರಡು ದಶಕ ಕಾದವರನ್ನು ನೆನೆಯಬಹುದು. ಎರಡು ವಿಭಾಗಗಳು ವಿಲೀನವಾದವೆಂದು ಅವರ ಕ್ಷೇತ್ರ ಮಾಯವಾಗುತ್ತದೆ. ಮಕ್ಕಳು ಪಿಯುಸಿ ಓದುವ ವರ್ಷವೇ ದೂರದ ರಾಜ್ಯಕ್ಕೆ ವರ್ಗಾವಣೆಯ ಆದೇಶ ಬರುತ್ತದೆ, ಇಲ್ಲವೇ ಮುಟ್ಟಲಾಗದ ಟಾರ್ಗೆಟ್ ನಿಗದಿಯಾಗುತ್ತದೆ. ಬಳಿಕ ಹೋಟೆಲೊಂದರ ಸಭಾಕೊಠಡಿಗೆ ಕರೆಸಿ, ತಾವಾಗಿಯೇ ಬಿಟ್ಟರೆ ಮರ್ಯಾದೆಯಿಂದ ಹೋಗಬಹುದೆಂದು ಸೂಚಿಸಲಾಗುತ್ತದೆ. ಐವತ್ತರ ಹೊಸ್ತಿಲಲ್ಲಿರುವವರಿಗೆ ‘ಮರ್ಯಾದೆ’ ಎಂಬ ಮಾತು ತಟ್ಟುವಷ್ಟು ಬೇರೆ ಯಾವ ಮಾತೂ ತಟ್ಟುವುದಿಲ್ಲ. ಅವರು ರಾಜೀನಾಮೆ ಬರೆದುಕೊಡುತ್ತಾರೆ.

ಆ ಒಂದು ಪದದಿಂದ ಆಗುವ ನಷ್ಟವನ್ನು ಕೂಡಿ ನೋಡಿದವರು ಕಡಿಮೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಮಾಲೀಕನೇ ಉದ್ಯೋಗ ಕಡಿತ ಮಾಡಿದರೆ ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯೂ ಈ ಅಳತೆಯನ್ನು ಉಳಿಸಿಕೊಂಡಿದೆ. ಜೊತೆಗೆ ಮರುಕೌಶಲ ನಿಧಿಯಿಂದ ಇನ್ನೂ 15 ದಿನಗಳ ವೇತನವನ್ನು 45 ದಿನಗಳೊಳಗೆ ಖಾತೆಗೆ ಜಮಾ ಮಾಡಬೇಕೆಂದು ಹೇಳಿದೆ. ಆದರೆ ಎರಡೂ ಕಾನೂನುಗಳಲ್ಲಿ ಕಾರ್ಮಿಕ ತಾನಾಗಿ ಸೇವೆ ಬಿಡುವುದು ‘ಕಡಿತ’ದ ವ್ಯಾಖ್ಯೆಯಿಂದ ಹೊರಗಿದೆ. ತಿಂಗಳಿಗೆ 60,000 ರೂಪಾಯಿ ವೇತನವಿದ್ದು 25 ವರ್ಷ ದುಡಿದವರಿಗೆ ಈ ಪರಿಹಾರವೊಂದೇ ಏಳು ಲಕ್ಷ ರೂಪಾಯಿ ಮೀರುತ್ತದೆ. ‘ವೈಯಕ್ತಿಕ ಕಾರಣಗಳಿಂದ’ ಎಂದು ತಾವೇ ಬರೆದುಕೊಟ್ಟ ಮೇಲೆ ಅದು ಇಲ್ಲ. ಒತ್ತಾಯದ ರಾಜೀನಾಮೆ ರಾಜೀನಾಮೆಯೇ ಅಲ್ಲವೆಂದು ವಾದಿಸಲು ನ್ಯಾಯಾಲಯದ ಬಾಗಿಲು ತೆರೆದಿದೆ, ನಿಜ. ಒತ್ತಾಯವನ್ನು ರುಜುವಾತುಪಡಿಸುವ ಹೊಣೆ ಮಾತ್ರ ಬರೆದುಕೊಟ್ಟವರ ಹೆಗಲ ಮೇಲೆ ಬೀಳುತ್ತದೆ. ಸಭಾಕೊಠಡಿಯ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಮೆಡಿಕಲ್ ರೆಪ್‌ಗಳ ದೌರ್ಬಲ್ಯಕ್ಕೆ ಕಾನೂನಿನಲ್ಲಿಯೇ ಒಂದು ಹಳೆಯ ಬೇರಿದೆ. ಮೇ ಅಂಡ್ ಬೇಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1961ರಲ್ಲೇ ಕಂಪನಿಯ ಮಾರಾಟ ಪ್ರತಿನಿಧಿ ‘ಕಾರ್ಮಿಕ’ನಲ್ಲ ಎಂದಿತು. ಆ ಕೊರತೆ ತುಂಬಲು 1976ರಲ್ಲಿ ಮಾರಾಟ ಪ್ರವರ್ಧನ ನೌಕರರ ಸೇವಾ ಷರತ್ತುಗಳ ಕಾಯ್ದೆ ಬಂದಿತು. ಅದರಲ್ಲಿಯೂ ವೇತನದ ಮಿತಿಯೊಂದನ್ನು ಹೇರಲಾಗಿತ್ತು. ತಿಂಗಳಿಗೆ 750 ರೂಪಾಯಿ ದಾಟಿದವರು ಸಾಮಾನ್ಯವಾಗಿ ರಕ್ಷಣೆಯಿಂದ ಹೊರಗೆ. ಆ ಮಿತಿ 1987ರ ಮೇ ತಿಂಗಳಲ್ಲಿ ತೆಗೆದುಹೋಯಿತು. 1994ರಲ್ಲಿ ಅಡ್ಯಂತಾಯ ವಿರುದ್ಧ ಸ್ಯಾಂಡೋಜ್ ಪ್ರಕರಣದ ತೀರ್ಪು, ಕೈಗಾರಿಕಾ ವಿವಾದಗಳ ಕಾಯ್ದೆಯ ಮೂಲ ವ್ಯಾಖ್ಯೆಯಡಿ ವೈದ್ಯಕೀಯ ಪ್ರತಿನಿಧಿ ಕಾರ್ಮಿಕನಲ್ಲ ಎಂಬುದನ್ನು ಮತ್ತೆ ಖಚಿತಪಡಿಸಿತು. ಹೊಸ ಸಂಹಿತೆಯು ‘ಕಾರ್ಮಿಕ’ ಪದದ ವ್ಯಾಖ್ಯೆಯೊಳಗೇ ಮಾರಾಟ ಪ್ರವರ್ಧನ ನೌಕರರನ್ನು ಸೇರಿಸಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಮೇಲ್ವಿಚಾರಕರಾಗಿದ್ದು 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ಅದರಿಂದ ಹೊರಗೇ ಉಳಿದರು. ಔಷಧ ಕಂಪನಿಗಳಲ್ಲಿ ಹತ್ತು ವರ್ಷ ತುಂಬಿದವರಿಗೆ ‘ಏರಿಯಾ ಮ್ಯಾನೇಜರ್’ ಪಟ್ಟ ಸಿಗುವುದು ವಾಡಿಕೆ. ಚೀಲ ಅದೇ, ಅಲೆದಾಟ ಅದೇ. ವಿಸಿಟಿಂಗ್ ಕಾರ್ಡ್ ಬದಲಾದ ದಿನವೇ ತಾವು ಒಂದು ರಕ್ಷಣೆಯನ್ನು ಪಣಕ್ಕಿಟ್ಟೆವೆಂದು ಬಡ್ತಿಯ ಸಿಹಿ ಹಂಚುವವರಿಗೆ ಹೊಳೆಯುವುದಿಲ್ಲ.

ರಾಜೀನಾಮೆ ಕೊಟ್ಟವರಿಗೂ ಗ್ರಾಚ್ಯುಟಿ ಮತ್ತು ಭವಿಷ್ಯ ನಿಧಿ ತಪ್ಪುವುದಿಲ್ಲ. ಹಾಗಾದರೆ ಅವು ಎಷ್ಟು ದೂರ ಒಯ್ಯುತ್ತವೆ? ಗ್ರಾಚ್ಯುಟಿಯ ಲೆಕ್ಕ ಹಾಕುತ್ತಿದ್ದುದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ. ಕ್ಷೇತ್ರದ ನೌಕರರ ಸಂಬಳವನ್ನು ಹತ್ತಾರು ಭತ್ಯೆಗಳಾಗಿ ಒಡೆದು ಮೂಲ ವೇತನವನ್ನು ಕಿರಿದಾಗಿಡುವುದು ಉದ್ಯಮದ ಹಳೆಯ ಜಾಣತನ. ಮೂಲ ವೇತನ 20,000 ರೂಪಾಯಿ ಇದ್ದವರಿಗೆ 25 ವರ್ಷಕ್ಕೆ ಸಿಗುವ ಗ್ರಾಚ್ಯುಟಿ 2.88 ಲಕ್ಷ ರೂಪಾಯಿ ಮಾತ್ರ. ಹೊಸ ವೇತನ ಸಂಹಿತೆಯಡಿ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮಿಕ್ಕಿದ್ದು ವೇತನವೆಂದೇ ಪರಿಗಣಿತವಾಗುತ್ತದೆ. ಇದರಿಂದ ಇನ್ನು ಮುಂದೆ ಹೊರಬರುವವರಿಗೆ ಲಾಭ. ಈಗಾಗಲೇ ಹೊರಬಂದವರಿಗೆ ಏನೂ ಇಲ್ಲ.

ಪಿಂಚಣಿಯ ಚಿತ್ರ ಇನ್ನೂ ಮಸುಕಾಗಿದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 2014ರ ಆಗಸ್ಟ್‌ವರೆಗೆ 6,500 ರೂಪಾಯಿ, ಆನಂತರ 15,000 ರೂಪಾಯಿ. ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2000ದಲ್ಲಿ ಸೇರಿ 2025ರಲ್ಲಿ ಬಿಟ್ಟವರಿಗೆ, ಸಂಬಳ ಎಷ್ಟೇ ಇದ್ದಿರಲಿ, ಈ ಮಿತಿಯೊಳಗೆ ಬರುವ ಪಿಂಚಣಿ ತಿಂಗಳಿಗೆ 4,000 ರೂಪಾಯಿಯ ಆಸುಪಾಸು. ಅದೂ 58 ತುಂಬಿದ ಮೇಲೆ. ಐವತ್ತರ ನಂತರ ಮೊದಲೇ ಬೇಕೆಂದರೆ ಮುಂಚಿತವಾದ ಪ್ರತಿ ವರ್ಷಕ್ಕೆ ಶೇ. 4ರಷ್ಟು ಕಡಿತ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುವ ಗಂಡಹೆಂಡಿರಿಬ್ಬರ ತಿಂಗಳ ಮಾತ್ರೆಗೆ ಈ ಹಣದಲ್ಲಿ ಎಷ್ಟು ಹೋಗುತ್ತದೆಂದು ಔಷಧ ಮಾರಿದವರಿಗೆ ಬೇರೆಯವರು ಹೇಳಬೇಕಿಲ್ಲ.

ಆರೋಗ್ಯ ವಿಮೆಯದು ಇದಕ್ಕಿಂತ ತುರ್ತಿನ ಮಾತು. ಕಂಪನಿಯ ಸಾಮೂಹಿಕ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಸಾಮೂಹಿಕ ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೋರಲು ಅವಕಾಶವಿದೆ. ಹಾಗೆ ಮಾಡಿದರೆ ಹಳೆಯ ಕಾಯಿಲೆಗಳಿಗೆ ಕಾಯಬೇಕಾದ ಅವಧಿಯಲ್ಲಿ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಇದನ್ನು ವಿಮೆ ಮುಗಿಯುವ ಮೊದಲೇ ಕೇಳಬೇಕು. ಬೀಳ್ಕೊಡುಗೆಯ ಗಡಿಬಿಡಿಯಲ್ಲಿ ಇದನ್ನು ನೆನಪಿಸುವವರು ಯಾರೂ ಇರುವುದಿಲ್ಲ. ಇಎಸ್ಐನಲ್ಲಿ ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ನಿವೃತ್ತರಾದವರಿಗೆ ವರ್ಷಕ್ಕೆ 120 ರೂಪಾಯಿಗೆ ದಂಪತಿಗಳ ಚಿಕಿತ್ಸೆ ದೊರೆಯುವ ಉತ್ತಮ ವ್ಯವಸ್ಥೆಯಿದೆ. ಆದರೆ 2017ರಿಂದ ಇಎಸ್ಐ ವೇತನ ಮಿತಿ 21,000 ರೂಪಾಯಿ. ದೀರ್ಘಕಾಲ ದುಡಿದ ರೆಪ್‌ಗಳಲ್ಲಿ ಬಹುತೇಕರು ಎಂದೋ ಅದನ್ನು ದಾಟಿ ಹೊರಬಿದ್ದವರು. ಸಂಬಳದ ದಿನಗಳಲ್ಲಿ ಮಾಡಿಸಿಕೊಂಡ ಎಪಿಎಲ್ ಚೀಟಿಯಿಂದ ರಾಜ್ಯದ ಆರೋಗ್ಯ ಯೋಜನೆಯಲ್ಲಿ ಪ್ಯಾಕೇಜ್ ದರದ ಶೇ. 30ರಷ್ಟು ನೆರವು ಮಾತ್ರ. ಬಡವರೆನಿಸಿಕೊಳ್ಳುವಷ್ಟು ಬಡವರಲ್ಲದ, ಚಿಕಿತ್ಸೆ ಕೊಳ್ಳುವಷ್ಟು ಉಳ್ಳವರೂ ಅಲ್ಲದ ಈ ವರ್ಗದತ್ತ ಯಾವ ಪಕ್ಷವೂ ಕಣ್ಣು ಹಾಯಿಸಿದಂತಿಲ್ಲ.

ಹಾಗೆಂದು ಎರಡನೆಯ ಬದುಕು ಕಟ್ಟಿಕೊಂಡವರಿಲ್ಲವೆಂದಲ್ಲ. ಬೆಂಗಳೂರಿನ ಸಂಶೋಧನಾ ಕೇಂದ್ರ ನಿಂತಾಗ ಆಸ್ಟ್ರಾಜೆನೆಕಾದಿಂದ ಬಂದ ವಿಜ್ಞಾನಿಗಳು ಅದೇ 2014ರಲ್ಲಿ ‘ಬಗ್‌ವರ್ಕ್ಸ್’ ಸಂಸ್ಥೆ ಹುಟ್ಟುವುದರಲ್ಲಿ ಕೈಜೋಡಿಸಿದರು. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ವಿರುದ್ಧ ಪ್ರತಿಜೈವಿಕ ಹುಡುಕುವ ಆ ಕೆಲಸಕ್ಕೆ 2017ರಲ್ಲಿ ‘ಕಾರ್ಬ್-ಎಕ್ಸ್’ ಎಂಬ ಅಂತರರಾಷ್ಟ್ರೀಯ ನಿಧಿಯ ನೆರವೂ ಒದಗಿತು. ತಲೆಯಲ್ಲಿದ್ದ ವಿದ್ಯೆಯನ್ನು ಅವರು ಜೊತೆಗೇ ಒಯ್ಯಬಲ್ಲವರಾಗಿದ್ದರು. ಟ್ಯಾಬ್ಲೆಟ್ ಒತ್ತುವ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತವರ ಕೌಶಲಕ್ಕೆ ಇನ್ನೊಂದು ಕಾರ್ಖಾನೆಯ ಬಾಗಿಲೇ ಬೇಕು. ಅಲ್ಲಿ ಗುತ್ತಿಗೆಯ ಇಪ್ಪತ್ತೈದರ ಹುಡುಗರು ಸಾಲಿನಲ್ಲಿದ್ದಾರೆ.

ರೆಪ್‌ಗಳ ಬಂಡವಾಳವೆಂದರೆ ಪರಿಚಯ. ಊರೂರಿನ ವೈದ್ಯರು, ಔಷಧ ಅಂಗಡಿಯವರು ಅವರಿಗೆ ಹೆಸರಿನಿಂದ ಗೊತ್ತು. ಆದಕಾರಣ ಬಹುಮಂದಿ ಒಲಿಯುವುದು ಔಷಧ ಸಗಟು ವ್ಯಾಪಾರಕ್ಕೆ, ಇಲ್ಲವೇ ಬೇರೆಡೆ ತಯಾರಾದ ಮಾತ್ರೆಗಳನ್ನು ತಮ್ಮ ಜಿಲ್ಲೆಯಲ್ಲಿ ಪ್ರಚಾರ ಮಾಡಿ ವಿತರಿಸುವ ‘ಪಿಸಿಡಿ’ ಏಜೆನ್ಸಿಗೆ. ಪ್ರತಿಸ್ಪರ್ಧಿಯ ಬಳಿ ದುಡಿಯಕೂಡದು, ಅದೇ ವ್ಯಾಪಾರ ಮಾಡಕೂಡದು ಎಂದು ಹಳೆಯ ಕರಾರಿನಲ್ಲಿ ಬರೆದಿದ್ದರೆ ಹೆದರುವವರುಂಟು. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಸೇವೆ ಮುಗಿದ ಮೇಲೆ ಅಂಥ ನಿರ್ಬಂಧ ಊರ್ಜಿತವಲ್ಲ. ಕಂಪನಿಯ ಗುಟ್ಟುಗಳನ್ನು ಹೊರಗೆಡಹಬಾರದೆಂಬುದು ಬೇರೆ ಮಾತು. ತೊಡಕಿರುವುದು ಲೆಕ್ಕಾಚಾರದಲ್ಲಿ. ಬೆಲೆ ನಿಯಂತ್ರಣಕ್ಕೊಳಪಟ್ಟ ಔಷಧಗಳಲ್ಲಿ ರೂಢಿಯಂತೆ ಚಿಲ್ಲರೆ ಅಂಗಡಿಗೆ ಶೇ. 16, ಸಗಟು ವ್ಯಾಪಾರಿಗೆ ಶೇ. 8 ಲಾಭಾಂಶ. ಆ ಎಂಟರಲ್ಲೇ ಬಾಡಿಗೆ, ಹುಡುಗರ ಸಂಬಳ, ಅವಧಿ ಮೀರಿದ ಮಾಲಿನ ಹಿಂಪಡೆತ, ಅಂಗಡಿಗಳಿಗೆ ಕೊಟ್ಟ ಸಾಲ ಎಲ್ಲವೂ ನಡೆಯಬೇಕು. ಗ್ರಾಚ್ಯುಟಿಯ ಇಡುಗಂಟು ಉಧಾರಿಯ ಪುಸ್ತಕದಲ್ಲಿ ಸಿಕ್ಕಿಕೊಳ್ಳಲು ಎರಡು ವರ್ಷ ಬೇಕಿಲ್ಲ. ಪರಿಚಯದ ಬಂಡವಾಳವೂ ಸವೆಯುತ್ತಿದೆ: ಕೇಂದ್ರ ಸರಕಾರಿ ಆಸ್ಪತ್ರೆಗಳ ಆವರಣದೊಳಗೆ ರೆಪ್‌ಗಳನ್ನು ಬಿಡಬಾರದು, ಮಾಹಿತಿಯನ್ನು ಇ-ಮೇಲ್ ಮೂಲಕ ಪಡೆಯಬೇಕೆಂದು 2025ರ ಮೇ ತಿಂಗಳಲ್ಲಿ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚಿಸಿದೆ.

ಚಿಲ್ಲರೆ ಅಂಗಡಿ ತೆರೆಯಲು ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು. ಸಗಟು ಪರವಾನಗಿಗೆ ಔಷಧ ನಿಯಮಗಳು ಇನ್ನೊಂದು ದಾರಿ ಬಿಟ್ಟಿವೆ: ಪದವೀಧರರಿಗೆ ಔಷಧ ವ್ಯವಹಾರದಲ್ಲಿ ಒಂದು ವರ್ಷದ ಅನುಭವ, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ನಾಲ್ಕು ವರ್ಷದ ಅನುಭವ ಇದ್ದರೆ ಸಾಕು. ಇಪ್ಪತ್ತೈದು ವರ್ಷ ದುಡಿದವರಿಗೆ ಅನುಭವದ ಕೊರತೆಯಿಲ್ಲ. ಅದನ್ನು ತೋರಿಸುವ ಪತ್ರ ಬರಬೇಕಾದುದು ಮಾತ್ರ ಹಳೆಯ ಕಂಪನಿಯಿಂದ. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕೆಂದು ವೇತನ ಸಂಹಿತೆ ಈಗ ಕಟ್ಟಪ್ಪಣೆ ಮಾಡಿದೆ. ಅನುಭವ ಪತ್ರಕ್ಕೆ ಅಂಥ ಗಡುವೇನನ್ನೂ ಅದು ಹೇಳಿಲ್ಲ. ಆ ಪತ್ರ ಎಷ್ಟೋ ಸಲ ‘ಇನ್ನು ಯಾವ ಬಾಕಿಯೂ ಇಲ್ಲ, ಸ್ವಇಚ್ಛೆಯಿಂದ ಹೋಗುತ್ತಿದ್ದೇನೆ’ ಎಂಬ ಇನ್ನೊಂದು ಹಾಳೆಗೆ ಸಹಿ ಬಿದ್ದ ಮೇಲೆಯೇ ಮೇಜಿನ ಈಚೆಗೆ ಸರಿಯುತ್ತದೆ.