ಕ್ರೌನ್ ಆಯಿಲ್ ಯಾಕೆ ಸಾರ್, ಸುಮ್ನೆ ದುಡ್ಡು ದಂಡ!

ಈ ಮಾತನ್ನ ನಾನು ನಮ್ಮ ಉಲ್ಲಾಳದ ಸುತ್ತಮುತ್ತ, ಕೆಂಗೇರಿಯಿಂದ ಹಿಡಿದು ನಾಗರಭಾವಿ ತನಕ, ಎಷ್ಟು ಗ್ಯಾರೇಜುಗಳಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ. "ಒಂದ್ಸಲ ಹಾಕಿದ್ರೆ ಗಾಡಿ ಇರೋವರ್ಗೂ ಇರುತ್ತೆ. ಸದ್ದು ಬಂದ್ರೆ ನೋಡೋಣ ಬಿಡಿ ಸಾರ್." ಹೇಳೋರ ಮುಖದಲ್ಲಿ ಎಂಥಾ ಕರುಣೆ ಅಂತೀರಾ, ನಮ್ಮ ದುಡ್ಡು ಉಳಿಸೋಕೇ ಅವತಾರ ಎತ್ತಿದ ಹಾಗೆ!

ಸ್ವಾಮೀ, ಸದ್ದು ಬಂದ ಮೇಲೆ ನೋಡೋಕೆ ಅಲ್ಲಿ ಏನು ಉಳಿದಿರುತ್ತೆ?

ನಾನು ಹೇಳ್ತಿರೋದು ಹಳೇ ಫೋರ್ ವೀಲ್ ಗಾಡಿಗಳ ಕಥೆ. ಮಹೀಂದ್ರದ ಎಂಎಂ 540, 1985ರಲ್ಲಿ ಬಂದು 2019ರಲ್ಲಿ ನಮ್ಮಂಥವರಿಗೆ ಮಾರೋದು ನಿಲ್ಲಿಸಿದ ಜಿಪ್ಸಿ, ಅಂಥವು. ಇವುಗಳ ಹಿಂದೊಂದು ಮುಂದೊಂದು ಡಿಫರೆನ್ಷಿಯಲ್ ಇರುತ್ತೆ. ಜಾಯಿಂಟಿನ ಕಡೆಯಿಂದ ಬರೋ ಚಿಕ್ಕ ಪಿನಿಯನ್ನು ದೊಡ್ಡ ಕ್ರೌನನ್ನ ತಿರುಗಿಸುತ್ತೆ. ಹಿಂದಿನ ಆಕ್ಸಲಿನಲ್ಲಿ ಸಾಮಾನ್ಯವಾಗಿ ಈ ಪಿನಿಯನ್ನು ಕ್ರೌನಿನ ನಟ್ಟನಡುವೆ ಕೂತಿರೋದಿಲ್ಲ, ಸ್ವಲ್ಪ ಕೆಳಗೆ ಸರಿದಿರುತ್ತೆ. ಹೈಪಾಯ್ಡ್ ಅಂತಾರೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳೋದಷ್ಟೇ ಅಲ್ಲ, ಉಜ್ಜಿಕೊಂಡು ಜಾರ್ತವೆ. ಆ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪದರ ಹರಿದುಹೋಗುತ್ತೆ. ಅದಕ್ಕೇ ಗೇರ್ ಆಯಿಲಿಗೆ ಗಂಧಕ, ರಂಜಕದ ಸಂಯುಕ್ತಗಳನ್ನ ಸೇರಿಸಿರ್ತಾರೆ (ಡಬ್ಬ ತೆಗೆದರೆ ಮೂಗಿಗೆ ಹೊಡೆಯೋ ಆ ನಾತ ಅದರದ್ದೇ). ಅವು ಉಕ್ಕಿನ ಮೇಲೆ ತೆಳು ಪದರ ಕಟ್ಟಿ, ಹಲ್ಲಿನ ಬದಲು ತಾವು ಸವೀತವೆ. ಸವೆದು ಸವೆದು ಒಂದು ದಿನ ಮುಗೀತವೆ. ಇಂಜಿನ್ನಿನ ಹಾಗೆ ಇಲ್ಲಿ ಫಿಲ್ಟರ್ ಬೇರೆ ಇಲ್ಲ. ಉದುರಿದ ಲೋಹದ ಪುಡಿ ಅದೇ ಎಣ್ಣೆಯಲ್ಲಿ ಸುತ್ತುತ್ತಾ ಬೇರಿಂಗಿಗೆ ಮರಳು ಕಾಗದದ ಕೆಲಸ ಮಾಡುತ್ತೆ. ಇನ್ನೆಲ್ಲಿಯ "ಗಾಡಿ ಇರೋವರೆಗೂ"? ಹೌದು, ಆ ಎಣ್ಣೆ ಇರೋವರೆಗೆ ಗಾಡಿ ಇರುತ್ತೆ ಅಷ್ಟೇ :-)

ಇದಕ್ಕಿಂತ ನನಗೆ ಉರಿಯೋ ಮಾತು ಇನ್ನೊಂದಿದೆ. "ನೀವು ಫೋರ್ ವೀಲ್ ಹಾಕೋದೇ ಇಲ್ವಲ್ಲ ಸಾರ್, ಮುಂದಿನ ಹೌಸಿಂಗ್ ಯಾಕೆ ಮುಟ್ಟಬೇಕು?" ಫ್ರೀ ವೀಲ್ ಹಬ್ ಇಲ್ಲದ ಗಾಡಿ, ಇಲ್ಲವೇ ಹಬ್ಬನ್ನ ಲಾಕ್ ಮಾಡಿಯೇ ಬಿಟ್ಟಿರೋ ಗಾಡಿ ಟೂ ವೀಲಿನಲ್ಲೇ ಓಡ್ತಿದ್ರೂ, ಮುಂದಿನ ಚಕ್ರ ಉರುಳಿದಷ್ಟೂ ಮುಂದಿನ ಆಕ್ಸಲ್, ಕ್ರೌನು, ಪಿನಿಯನ್ನು, ಜಾಯಿಂಟು ಎಲ್ಲವೂ ತಿರುಗ್ತಾನೇ ಇರ್ತವೆ. ಭಾರ ಇಲ್ಲ, ನಿಜ. ಕೆಲಸ ಇಲ್ಲ ಅನ್ನೋದು ಸುಳ್ಳು.

ನೀರಿನ ವಿಷಯಕ್ಕೆ ಬರೋಣ. 2022ರ ಆಗಸ್ಟಿನಲ್ಲಿ ರಾಮನಗರದ ಹತ್ತಿರ ಮೈಸೂರು ಹೆದ್ದಾರಿ ಮುಳುಗಿದ್ದು ನೆನಪಿದೆಯಲ್ಲ? ಕಾರುಗಳು ತೇಲ್ತಿದ್ದಾಗ ಜೀಪಿನವರು ಮೀಸೆ ತಿರುವಿಕೊಂಡು ದಾಟಿಸೋದನ್ನ ಇಂಥಾ ಎಲ್ಲಾ ಮಳೆಯಲ್ಲೂ ನೋಡ್ತೀವಿ. ದಾಟಿಸಲಿ, ಜೀಪು ಇರೋದೇ ಅದಕ್ಕೆ. ಆದರೆ ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತೆ. ಮೇಲಿನ ಬ್ರೀದರ್ ಕೆಸರು ತುಂಬಿ ಕಟ್ಟಿಕೊಂಡಿದ್ರಂತೂ ಮುಗೀತು, ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳಕೊಳ್ಳುತ್ತೆ. ಆಮೇಲೆ ಪ್ಲಗ್ ಬಿಚ್ಚಿದರೆ ಸುರಿಯೋದು ಎಣ್ಣೆ ಅಲ್ಲ, ಹಾಲು ಜಾಸ್ತಿ ಹಾಕಿದ ಕಾಫಿ. ಹಾಗೇ ಬಿಟ್ಟರೆ ಬೇರಿಂಗಿಗೆ ತುಕ್ಕು. ಮೂಡಿಗೆರೆ ಕಡೆಯ ನಮ್ಮ ಚಿಕ್ಕಪ್ಪ ಮಳೆಗಾಲ ಮುಗೀತಿದ್ದ ಹಾಗೆ ಎರಡೂ ಹೌಸಿಂಗಿನ ಎಣ್ಣೆ ಇಳಿಸ್ತಾರೆ, ಕಿಲೋಮೀಟರ್ ನೋಡೋದೇ ಇಲ್ಲ. ಸಿಟಿಯಲ್ಲಿ ಟೈರು, ಬಂಪರು, ಲೈಟಿಗೆ ಲಕ್ಷ ಸುರಿಯೋರು ಇದಕ್ಕೆ ಸಾವಿರ ಅಂದ್ರೆ ಹುಬ್ಬು ಏರಿಸ್ತಾರೆ!

ಕೆಲಸ ಏನು ಬ್ರಹ್ಮವಿದ್ಯೆ ಅಲ್ಲ. ಒಂದೆರಡು ಸುತ್ತು ಓಡಿಸಿ ಎಣ್ಣೆ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪ್ಲಗ್ಗಿನ ಸುತ್ತ ಮಣ್ಣು ಒರೆಸಿ. ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್. ಎಣ್ಣೆ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದ್ರೆ ಗಾಡಿ ನಿಂತಲ್ಲೇ ನಿಂತಿತು. ನನ್ನ ಗಾಡಿಗೆ ಒಬ್ಬ ಮೆಕ್ಯಾನಿಕ್ ಹೀಗೇ ಮಾಡಿ, ಪ್ಲಗ್ಗಿಗೆ ಸುತ್ತಿಗೆ ಉಳಿ ಹಿಡಿದು ಕೂತ. ಬೆಳಿಗ್ಗೆ ಬಿಟ್ಟ ಗಾಡಿ ಸಿಕ್ಕಿದ್ದು ಮರುದಿನ ಸಂಜೆ. ಕೆಳಗಿನ ಪ್ಲಗ್ಗಿನಲ್ಲಿ ಅಯಸ್ಕಾಂತ ಇದ್ರೆ ಅದರ ಮೇಲಿನದನ್ನ ಬೆರಳಲ್ಲಿ ತಿಕ್ಕಿ ನೋಡಿ. ಕಾಡಿಗೆಯಂಥ ನುಣುಪು ಪೇಸ್ಟ್ ಸಹಜ, ಚೂರು ಸಿಕ್ಕಿದ್ರೆ ಹೌಸಿಂಗ್ ಬಿಚ್ಚಿಸಲೇಬೇಕು. ಹೊಸ ಎಣ್ಣೆ ಫಿಲ್ಲರ್ ತೂತಿನ ಕೆಳ ಅಂಚಿಗೆ ಬರುವಷ್ಟು ಸಾಕು. ಪ್ರೀತಿಯಿಂದ ಜಾಸ್ತಿ ಹಾಕಿದ್ರೆ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಬರುತ್ತೆ.

ಎಣ್ಣೆಯಲ್ಲೂ ಒಂದು ದಗಲಬಾಜಿ ಇದೆ. "ಎಲ್ಲದಕ್ಕೂ ತೊಂಬತ್ತು ನಂಬರ್ ಸಾರ್" ಅಂತ ಒಂದೇ ಡಬ್ಬದಿಂದ ಗೇರ್ ಬಾಕ್ಸಿಗೂ ಹೌಸಿಂಗಿಗೂ ಸುರೀತಾರೆ. ತೊಂಬತ್ತು ಅನ್ನೋದು ಎಣ್ಣೆ ಎಷ್ಟು ಮಂದ ಅನ್ನೋದಕ್ಕೆ ಮಾತ್ರ. ಜೊತೆಗೆ ಜಿಎಲ್-4, ಜಿಎಲ್-5 ಅಂತ ಬರೆದಿರುತ್ತಲ್ಲ, ಅದನ್ನೂ ಓದಬೇಕು. ಹೈಪಾಯ್ಡ್ ಹಲ್ಲಿಗೆ ಜಿಎಲ್-5 ಒಳ್ಳೇದು. ಅದನ್ನೇ ಹಳೇ ಗೇರ್ ಬಾಕ್ಸಿಗೆ ಹಾಕಿದರೆ ಒಳಗಿನ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನ ಕಾಲಕ್ರಮೇಣ ತಿನ್ನಬಹುದು. ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳುತ್ತೋ ಅದು ಕೊನೇ ಮಾತು, ಗ್ಯಾರೇಜಿನವನದ್ದಲ್ಲ, ನನ್ನದೂ ಅಲ್ಲ. ಇನ್ನು ಕೊರಗೋ ಕ್ರೌನಿಗೆ ಮರದ ಹೊಟ್ಟು, ಬಾಳೆಹಣ್ಣು ತುರುಕಿ ಸದ್ದು ಅಡಗಿಸಿ ಮಾರೋ ಮಹಾನುಭಾವರ ಬಗ್ಗೆ ಬರೆದರೆ ನನ್ನ ಬಿಪಿ ಏರುತ್ತೆ, ಬೇಡ.

ಕ್ರೌನು ಹೋದ್ರೆ ಒಂದನ್ನೇ ಬದಲಿಸೋಕೆ ಆಗಲ್ಲ, ಪಿನಿಯನ್ ಸಮೇತ ಜೋಡಿಯಾಗೇ ತರಬೇಕು. ಹಳೇ ಗಾಡಿಯದ್ದು ಅಂದ್ರೆ ಜೆ.ಸಿ. ರೋಡು ಸುತ್ತಬೇಕು. ತಂದ ಮೇಲೆ ಷಿಮ್ ಹಾಕಿ ಹಲ್ಲಿನ ಸಂದಿ ಸರಿ ಕೂರಿಸೋ ಕೈ ಬೇಕು. ಅಂಥವರು ಈ ಕಡೆ ದಿನೇ ದಿನೇ ಕಮ್ಮಿ ಆಗ್ತಿದಾರೆ.

ಕಡೇದಾಗಿ, ಇಳಿಸಿದ ಹಳೇ ಎಣ್ಣೆ ಎಲ್ಲಿಗೆ ಹೋಗುತ್ತೆ? ಎಷ್ಟೋ ಕಡೆ ಗ್ಯಾರೇಜಿನ ಮುಂದಿನ ಮೋರಿಗೆ. ಆ ಮೋರಿ ನೀರು ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ, ಅಲ್ಲಿನ ರೈತರ ಹೊಲಕ್ಕೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಗೇರ್ ಆಯಿಲಿನ ಹೆಸರೂ ಇದೆ. 2024ರ ಏಪ್ರಿಲಿನಿಂದ ಅದನ್ನ ವಾಪಸ್ ಪಡೆದು ಮರುಬಳಕೆಗೆ ಕಳಿಸೋ ಜವಾಬ್ದಾರಿಯನ್ನ ಎಣ್ಣೆ ತಯಾರಿಸೋ ಕಂಪನಿಗಳ ಮೇಲೂ ಹೊರಿಸಿದಾರೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ನಾನಂತೂ ಹೊಸ ಎಣ್ಣೆ ಬಂದ ಡಬ್ಬಕ್ಕೇ ಹಳೇದನ್ನ ತುಂಬಿಸಿ, ಡ್ರಮ್ಮಿನಲ್ಲಿ ಶೇಖರಿಸಿ ಮರುಬಳಕೆಯವರಿಗೆ ಕೊಡೋ ವರ್ಕ್‌ಶಾಪಿಗೆ ಮುಟ್ಟಿಸ್ತೀನಿ. "ಅದಕ್ಕೇನು ಸಾರ್ ಅಷ್ಟು ದೂರ, ಇಲ್ಲೇ ಚೆಲ್ಲಿ" ಅಂತ ಪ್ರತಿ ಸಲವೂ ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ.