ಆನ್‌ಲೈನ್ ಪೋಕರ್ ಪಂದ್ಯಾವಳಿಯ ಅಂತಿಮ ಹಂತ ಮತ್ತು ಕಾನೂನು

ಆನ್‌ಲೈನ್ ಪೋಕರ್ ಪಂದ್ಯಾವಳಿಯ ಅಂತಿಮ ಹಂತದಲ್ಲಿ ಬ್ಲೈಂಡ್ ಎಂಬ ಕಡ್ಡಾಯ ಪಣವು ಏರುತ್ತ ಹೋಗುವುದರಿಂದ, ಕಡಿಮೆ ಚಿಪ್‌ಗಳುಳ್ಳ ಆಟಗಾರನಿಗೆ ಬಹುಮಟ್ಟಿಗೆ ಎರಡೇ ದಾರಿ ಉಳಿಯುತ್ತವೆ: ಎಲೆಗಳನ್ನು ಕೈಬಿಡುವುದು ಅಥವಾ ಇದ್ದುದೆಲ್ಲವನ್ನೂ ಪಣಕ್ಕಿಡುವುದು. ಬಹುಮಾನವನ್ನು ಶೇ. 50, 30, 20ರಂತೆ ಹಂಚುವ ಪಂದ್ಯದಲ್ಲಿ ಉಳಿದ ಮೂವರ ಬಳಿ ಕ್ರಮವಾಗಿ 5,000, 3,000, 2,000 ಚಿಪ್‌ಗಳಿವೆ ಎನ್ನೋಣ. ಐಸಿಎಂ ಎಂಬ ಗಣಿತ ಮಾದರಿಯ ಪ್ರಕಾರ ಮೊದಲನೆಯವನ ನಿರೀಕ್ಷಿತ ಪಾಲು ಬಹುಮಾನದ ಅರ್ಧವಲ್ಲ, ಸುಮಾರು ಶೇ. 38 ಮಾತ್ರ. ಗೆಲ್ಲುವ ಚಿಪ್‌ಗಿಂತ ಕಳೆದುಕೊಳ್ಳುವ ಚಿಪ್‌ನ ಬೆಲೆ ಹೆಚ್ಚು ಎಂಬುದು ಇದರ ತಾತ್ಪರ್ಯ. ಲೆಕ್ಕ ಎಷ್ಟೇ ನಿಖರವಾಗಿರಲಿ, ಮುಂದೆ ತೆರೆಯುವ ಎಲೆ ಆಟಗಾರನ ವಶದಲ್ಲಿಲ್ಲ.

ಕೌಶಲವೋ ಅದೃಷ್ಟವೋ ಎಂಬ ಈ ಪ್ರಶ್ನೆಯೇ ಕರ್ನಾಟಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 2021ರ ಅಕ್ಟೋಬರ್ 5ರಂದು ಜಾರಿಗೆ ಬಂದ ಕರ್ನಾಟಕ ಪೊಲೀಸ್ (ತಿದ್ದುಪಡಿ) ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವು ಜೂಜಲ್ಲವೆಂದು ಪರಿಗಣಿಸಿದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಅದರ ಮುಖ್ಯ ವಿಧಿಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಾದರೋ ಈ ಭೇದವನ್ನೇ ಕೈಬಿಟ್ಟು, ಕೌಶಲದ್ದಾದರೂ ಹಣದ ಆಟ ನಿಷಿದ್ಧವೆಂದಿತು. ಇಂತಹ ಆಟ ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು, ಆಡುವವರಿಗೆ ಶಿಕ್ಷೆಯಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.